ಅಕ್ಕನಿಗೆ ಓದಿ ಹೇಳಿದ ಬೋರ್ಡುಗಳು

ನನಗೆ ಇಂಗ್ಲಿಷ್ ಓದಲು ಬರುತ್ತದೆ ಎಂದು ನನ್ನ ಅಕ್ಕ ಹದಿನಾಲ್ಕು ವರ್ಷ ನಂಬಿದ್ದಳು. ನಂಬಿಸಿದವನು ನಾನೇ. ಯಾರಿಗೆ ಹೇಳಬೇಕಿತ್ತೋ ಅವಳಿಗೆ ಈಗ ಹೇಳಿ ಆಗಿದೆ. ಆದ್ದರಿಂದ ಇಲ್ಲಿ ಬರೆಯಲು ನನಗೆ ಅಂಜಿಕೆಯಿಲ್ಲ.

ನಾನು ಓದಿದ್ದು ಏಳನೇ ತರಗತಿ, ಮಂಗಳೂರಿನ ಹತ್ತಿರ ಇಗರ್ಜಿಯ, ಅಂದರೆ ನಮ್ಮ ಚರ್ಚಿನ, ಪಕ್ಕದ ಕನ್ನಡ ಶಾಲೆಯಲ್ಲಿ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ. ಇಂಗ್ಲಿಷ್ ಐದನೆಯದರಲ್ಲಿ ಶುರುವಾಗಿ ಏಳನೆಯದರಲ್ಲಿ ಮುಗಿಯಿತು. ಆಮೇಲೆ ಬೇಕರಿಗೆ ಸೇರಿದೆ. ಹಿಟ್ಟು ನಾದಲು ಎ ಬಿ ಸಿ ಡಿ ಬೇಕಾಗಿರಲಿಲ್ಲ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ನರ್ಸಿಂಗ್ ಕಲಿತು ಸಿಡ್ನಿಗೆ ಬಂದಳು, ಮದುವೆಯಾಗಲಿಲ್ಲ. ನನ್ನ ಹೆಂಡತಿಯೂ ನರ್ಸ್. ಅವಳ ವೀಸಾದ ಹಿಂದೆ ನಾನು ಮೆಲ್ಬರ್ನಿಗೆ ಬಂದೆ. ಅಲ್ಲಿಯ ವಿಂಡಮ್ ವೇಲ್‌ನಲ್ಲಿ ಮನೆ, ಪಾಯಿಂಟ್ ಕುಕ್‌ನ ಒಂದು ಬೇಕರಿಯಲ್ಲಿ ಕೆಲಸ. ಆ ಕಡೆಯ ನಮ್ಮ ಜನ ತಿನ್ನುವ ಪಾವ್ ಹೆಚ್ಚಿನದೂ ನನ್ನ ಕೈಯದು.

ಬಂದ ವರ್ಷವೇ ಅಕ್ಕ ಫೋನಿನಲ್ಲಿ ಹತ್ತು ಕಡೆ ವಿಚಾರಿಸಿ ನನ್ನನ್ನು ಹೊಸಬರ ಇಂಗ್ಲಿಷ್ ತರಗತಿಗೆ ಸೇರಿಸಿದಳು. ಮೂರು ವಾರ ಹೋದೆ. ಮೂರನೇ ವಾರ ಟೀಚರ್ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟು, ಶನಿವಾರ ಏನು ಮಾಡಿದಿರಿ ಎಂದು ಬರೆಯಲು ಹೇಳಿದರು. ನನ್ನ ಪಕ್ಕ ಕೂತಿದ್ದ ಹುಡುಗಿ ಹಾಳೆ ತುಂಬಿಸಿ ಹಿಂಬದಿಗೆ ತಿರುಗಿಸಿದಳು. ನಾನು ನನ್ನ ಹೆಸರು ಬರೆದು ಕೂತಿದ್ದೆ. ಮರುದಿನದಿಂದ ಹೋಗಲಿಲ್ಲ. ಅಕ್ಕ ಕೇಳಿದಾಗಲೆಲ್ಲ ಹೋಗುತ್ತಿದ್ದೇನೆ ಎಂದೆ. ವರ್ಷದ ಕೊನೆಗೆ ಸರ್ಟಿಫಿಕೇಟ್ ಬಂತಾ ಎಂದು ಕೇಳಿದಳು. ಬಂತು ಎಂದೆ. ಅವಳು ಆ ಸಂತೋಷವನ್ನು ಸಿಡ್ನಿಯ ಅವಳ ಇಗರ್ಜಿಯಲ್ಲಿ ಎಷ್ಟು ಮಂದಿಗೆ ಹೇಳಿದಳೋ ಗೊತ್ತಿಲ್ಲ.

ಮಾತಾಡುವ ಇಂಗ್ಲಿಷ್ ಅಂಗಡಿಯಲ್ಲಿ ಕಲಿತೆ. ಓದುವ ಕಾಗದ ಎದುರಿಗೆ ಬಂದರೆ ಜೇಬು ತಡವಿ, "ಕನ್ನಡಕ ಮನೆಯಲ್ಲಿ ಬಿಟ್ಟು ಬಂದೆ" ಎನ್ನುವುದು ನನ್ನ ಉಪಾಯ. ಆ ಮಾತು ಬ್ಯಾಂಕಿನಲ್ಲಿ ನಡೆಯಿತು, ಮಗಳ ಶಾಲೆಯಲ್ಲಿ ನಡೆಯಿತು. ಸಿಡ್ನಿಗೆ ಹೋದಾಗ ಅಕ್ಕನ ಮುಂದೆಯೂ ನಡೆಯಿತು. ಗುಟ್ಟು ತಿಳಿದವರು ನನ್ನ ಹೆಂಡತಿ ಮತ್ತು ಮಗಳು ಮಾತ್ರ. ಮನೆಗೆ ಬಂದ ಪತ್ರಗಳನ್ನೆಲ್ಲ ಮಗಳು ಓದಿ ಹೇಳುತ್ತಿದ್ದಳು. ಈಗ ಅವಳು ಸಿಡ್ನಿಯ ನಾರ್ವೆಸ್ಟ್‌ನಲ್ಲಿ ಕೆಲಸದಲ್ಲಿದ್ದಾಳೆ, ಅಕ್ಕನ ಮನೆಯಲ್ಲೇ ವಾಸ.

ಅಕ್ಕನ ಕಣ್ಣು ಹೋಗಲು ಶುರುವಾದದ್ದು ನಿವೃತ್ತಿಯ ನಂತರ. ಅದು ಪೂರ್ತಿ ಕತ್ತಲೆಯಲ್ಲ. ನೋಡಬೇಕೆಂದ ಜಾಗದಲ್ಲೇ ಮಂಜು, ಸುತ್ತ ಸ್ವಲ್ಪ ಬೆಳಕು. ಮನೆ, ಮರ, ಗೋಪುರಗಳ ಆಕಾರ ತಿಳಿಯುತ್ತದೆ. ಅಕ್ಷರ ಕಾಣುವುದಿಲ್ಲ, ಎದುರಿಗೆ ನಿಂತವರ ಮುಖ ಕಾಣುವುದಿಲ್ಲ. ಇದ್ದ ದೃಷ್ಟಿಯೂ ಹೆಚ್ಚು ದಿನ ಉಳಿಯದು ಎಂದು ಡಾಕ್ಟರು ಹೇಳಿದಾಗ ಅವಳು ಒಂದೇ ಆಸೆ ಹೇಳಿದಳು. ಅವಳ ಇಗರ್ಜಿಯ ಪಾದ್ರಿಗಳು ಐರ್ಲೆಂಡಿನವರು, ವಯಸ್ಸಾದವರು. ಅವರ ಊರ ಕಡೆ ಸನ್ಯಾಸಿಗಳು ಸಾವಿರ ವರ್ಷದ ಹಿಂದೆ ಕಟ್ಟಿದ ಮಠಗಳು, ಬೈಬಲಿನ ಕತೆಗಳನ್ನೇ ಕೆತ್ತಿದ ಕಲ್ಲಿನ ಶಿಲುಬೆಗಳು ಇವೆ ಎಂದು ಪೂಜೆಯ ಪ್ರವಚನದಲ್ಲಿ ಆಗಾಗ ಹೇಳುತ್ತಿದ್ದರಂತೆ. ಅದನ್ನು ನೋಡಬೇಕು, ನೀನು ಜೊತೆಗೆ ಬರಬೇಕು ಎಂದಳು. ಮಗಳು ಎಲ್ಲವನ್ನೂ ಬುಕ್ ಮಾಡಿಕೊಟ್ಟಳು. ಡಬ್ಲಿನ್‌ನಿಂದ ಒಂದು ದಿನಕ್ಕೆ ನಮಗಿಬ್ಬರಿಗೇ ಒಂದು ಕಾರು, ಒಬ್ಬ ಡ್ರೈವರ್.

ಡ್ರೈವರ್ ಒಳ್ಳೆಯ ಮನುಷ್ಯ, ನನ್ನ ಪ್ರಾಯದವನು. ಹೊರಡುವಾಗಲೇ ಹೇಳಿದ, ತಾನು ಗೈಡ್ ಅಲ್ಲ, ಕರೆದುಕೊಂಡು ಹೋಗಿ ಕರೆತರುವುದಷ್ಟೇ ತನ್ನ ಕೆಲಸ, ಪ್ರತಿ ಜಾಗದಲ್ಲೂ ಬೋರ್ಡ್ ಇರುತ್ತದೆ ಎಂದು. ಅಕ್ಕ ಹಿಂದಿನ ಸೀಟಿನಿಂದ ಮುಂದೆ ಬಾಗಿ, ಅದು ತೊಂದರೆಯಿಲ್ಲ, ನನ್ನ ತಮ್ಮ ಓದಿ ಹೇಳುತ್ತಾನೆ ಎಂದಳು. ಆ ಹೆಮ್ಮೆ ಕೇಳಿ ನನಗೆ ಕಿಟಕಿಯ ಹೊರಗೆ ನೋಡಬೇಕಾಯಿತು.

ಮೊದಲ ಜಾಗ ತಾರಾ ಎಂಬ ಗುಡ್ಡ. ಹಿಂದಿನ ಕಾಲದ ರಾಜರ ಜಾಗ ಎಂದು ಡ್ರೈವರ್ ಇಳಿಸುವಾಗ ಹೇಳಿದ್ದ. ಹುಲ್ಲು, ಕುರಿಗಳು, ಉಂಗುರದಂತೆ ಸುತ್ತಿದ ದಿಬ್ಬಗಳು, ಟೋಪಿ ಹಾರಿಸುವ ಗಾಳಿ. ಗೇಟಿನ ಒಳಗೆ ದೊಡ್ಡ ಬೋರ್ಡ್. ಅಕ್ಕ ನನ್ನ ತೋಳು ಹಿಡಿದು ನಿಂತಳು. ನಾನು ಜೇಬು ತಡವಿದೆ.

"ಬಾಯ್, ಕನ್ನಡಕ ಹೋಟೆಲಿನಲ್ಲಿ ಉಳಿಯಿತು."

ನಮ್ಮ ಕೊಂಕಣಿಯಲ್ಲಿ ಅಕ್ಕನನ್ನು ಬಾಯ್ ಎನ್ನುತ್ತೇವೆ, ಅವಳು ನನ್ನನ್ನು ಪುತಾ, ಮಗನೇ, ಎನ್ನುತ್ತಾಳೆ. ಬಾಯ್ ತನ್ನ ಕೈಚೀಲದೊಳಗೆ ಕೈ ಹಾಕಿ ಒಂದು ಕನ್ನಡಕ ತೆಗೆದಳು. ಔಷಧಿ ಅಂಗಡಿಯಲ್ಲಿ ಸಿಗುತ್ತದಲ್ಲ, ಓದುವುದಕ್ಕೆಂದೇ ಮಾಡಿದ್ದು, ಅದು.

"ನೀನು ಯಾವತ್ತೂ ಮರೆಯುದು ನನಗೆ ಗೊತ್ತಿಲ್ವಾ? ಸಿಡ್ನಿಯಿಂದಲೇ ತಂದಿದ್ದೇನೆ. ಹಾಕು, ಪುತಾ. ನಾನಂತೂ ಕುರುಡಿ, ನೀನೂ ಕುರುಡ ಆದ್ರೆ ಹೇಗೆ?"

ಹಾಕಿಕೊಂಡೆ. ಅಕ್ಷರಗಳು ದೊಡ್ಡದಾಗಿ ಕಂಡವು, ಅಷ್ಟೇ. ಸತ್ಯ ಹೇಳಲು ಅದು ಒಳ್ಳೆಯ ಸಮಯವಾಗಿತ್ತು. ಸುತ್ತ ಕುರಿಗಳಲ್ಲದೆ ಯಾರೂ ಇರಲಿಲ್ಲ. ನಾನು ಹೇಳಲಿಲ್ಲ. ಕಿಂಗ್ ಎಂಬ ಪದ ನನಗೆ ಗುರುತಿತ್ತು. ಅದನ್ನು ಹಿಡಿದು ಶುರುಮಾಡಿದೆ. ಅಲ್ಲಿ ನೆಟ್ಟಗೆ ನಿಂತ ಕಲ್ಲು ಕಾಣುತ್ತದಲ್ಲ, ಅಲ್ಲಿ ಒಬ್ಬ ಸಂತ ನಲವತ್ತು ದಿನ ಉಪವಾಸವಿದ್ದ, ರಾಜನೇ ಬಂದು ಅವನ ಕಾಲಿಗೆ ಬಿದ್ದ ಎಂದೆ. ನಮ್ಮ ಇಗರ್ಜಿಯಲ್ಲಿ ನಾನು ಕೇಳಿದ ಸಂತರೆಲ್ಲ ನಲವತ್ತು ದಿನವೇ ಉಪವಾಸ ಮಾಡಿದವರು. ಅಕ್ಕ ಕಲ್ಲಿನ ಹತ್ತಿರ ಹೋಗಿ ಅದರ ಮೈ ಸವರಿದಳು. ಫೋಟೋ ತೆಗಿ, ಎಲ್ಲ ಕಡೆ ಬೋರ್ಡಿನದ್ದೂ ತೆಗಿ ಎಂದಳು. ತೆಗೆದೆ. ಫೋನ್ ತಾನೇ ಓದಿ ಹೇಳುತ್ತದೆ ಎಂದು ಆಗ ನನಗೆ ಗೊತ್ತಿರಲಿಲ್ಲ, ಆಮೇಲೆ ಮಗಳು ತೋರಿಸಿದಳು.

ಎರಡನೆಯದು ಮುರಿದ ಮಠ. ಗೋಡೆಗಳ ಬುಡ ಮಾತ್ರ ಉಳಿದಿದೆ, ನಡುವೆ ಎಂಟು ಮೂಲೆಯ ಒಂದು ಸಣ್ಣ ಮಂಟಪ, ಸುಂದರ ಕಮಾನುಗಳು. ಅದನ್ನು ಜ್ಞಾನಸ್ನಾನದ ಮಂಟಪ ಮಾಡಿದೆ. ಒಂದೇ ದಿನ ಸಾವಿರ ಮಕ್ಕಳಿಗೆ ಜ್ಞಾನಸ್ನಾನ ಕೊಟ್ಟರಂತೆ ಎಂದೆ. ಸುಳ್ಳು ಹೇಳುವುದು ಎರಡನೇ ಸಲಕ್ಕೆ ಸುಲಭ. ಅಷ್ಟೇ ಅಲ್ಲ, ನನಗೆ ಅದು ಸ್ವಲ್ಪ ಖುಷಿಯನ್ನೂ ಕೊಟ್ಟಿತು. ಅಕ್ಕ ಬಾಯಿ ತೆರೆದು ಕೇಳುತ್ತಿದ್ದಳು. ಜೀವನದಲ್ಲಿ ಅವಳಿಗೆ ತಿಳಿಯದ ವಿಷಯ ನಾನು ಹೇಳಿದ್ದು ಅಂದೇ ಮೊದಲು.

ಕೊನೆಯ ಜಾಗದಲ್ಲಿ ದುಂಡಗಿನ ಎತ್ತರದ ಗೋಪುರ, ಹಳೆಯ ಸ್ಮಶಾನ, ನನ್ನ ಮೂರರಷ್ಟು ಎತ್ತರದ ಕಲ್ಲಿನ ಶಿಲುಬೆ. ಶಿಲುಬೆಯ ಬುಡದಲ್ಲಿ ಎರಡು ಬೆಕ್ಕು ಕೆತ್ತಿದ್ದರು, ಒಂದು ತನ್ನ ಮರಿಯನ್ನು ನೆಕ್ಕುತ್ತಿತ್ತು. ಅದನ್ನು ಕಂಡದ್ದು ಕಂಡ ಹಾಗೆ ಹೇಳಿದೆ. ಅಕ್ಕ ನಂಬಲಿಲ್ಲ, "ಶಿಲುಬೆಯಲ್ಲಿ ಬೆಕ್ಕಾ? ತಮಾಷೆ ಮಾಡ್ಬೇಡ ಮಾರಾಯ" ಎಂದಳು. ಇಡೀ ದಿನದಲ್ಲಿ ನಾನು ಹೇಳಿದ ಒಂದೇ ನಿಜವನ್ನು ಮಾತ್ರ ಅವಳು ಸಂಶಯಿಸಿದಳು.

ಹೊರಗೆ ಬರುವಾಗ ಸ್ಮಶಾನದ ಗೋಡೆಯ ಹತ್ತಿರ ಇನ್ನೊಂದು ಬೋರ್ಡ್ ಇತ್ತು. ಅದರಲ್ಲಿ ಎಂತ ಉಂಟು ಎಂದು ಕೇಳಿದಳು. ನನಗೆ ಸುಸ್ತಾಗಿತ್ತು, ಸ್ಮಶಾನಕ್ಕೆ ಒಪ್ಪುವ ಮಾತು ಹುಡುಕಿದೆ. "ಇಲ್ಲಿ ಸನ್ಯಾಸಿಗಳು ಮಲಗಿದ್ದಾರೆ, ಬಂದವರು ತಮ್ಮ ತಮ್ಮ ತೀರಿಹೋದವರಿಗಾಗಿ ಇಲ್ಲೇ ಪ್ರಾರ್ಥನೆ ಮಾಡಿ" ಎಂದು ಬರೆದಿದೆ ಎಂದೆ.

ಅಕ್ಕ ಮೊಣಕಾಲೂರಿದಳು. ಮೊಣಕಾಲಿನ ಆಪರೇಷನ್ ಆಗಿ ವರ್ಷ ತುಂಬಿರಲಿಲ್ಲ. ಒದ್ದೆ ಹುಲ್ಲಿನ ಮೇಲೆ, ಒಂದು ಕೈ ಬೋರ್ಡಿನ ಕಂಬದ ಮೇಲಿಟ್ಟು, ನಮ್ಮ ಅಮ್ಮನ ಹೆಸರು ಹೇಳಿ, ಪರಲೋಕ ಮಂತ್ರ ಪೂರ್ತಿ ಹೇಳಿದಳು. ನಾನು ಅವಳ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ನಿಂತಿದ್ದೆ. ಡ್ರೈವರ್ ಕಾರಿನ ಬಳಿಯಿಂದ ನಮ್ಮನ್ನು ನೋಡುತ್ತಿದ್ದ. ಅವನ ಮುಖ ನೋಡಿದಾಗಲೇ ನನಗೆ ತಿಳಿಯಿತು, ಆ ಬೋರ್ಡಿನಲ್ಲಿ ಪ್ರಾರ್ಥನೆ ಇಲ್ಲ ಎಂದು. ಅವನು ಬಾಗಿಲು ತೆರೆದು ಅಕ್ಕನನ್ನು ಕೂರಿಸಿದ.

ಮೆಲ್ಬರ್ನಿಗೆ ಮರಳಿ ಒಂದು ತಿಂಗಳಾಗಿರಬೇಕು, ಮಗಳ ಫೋನ್ ಬಂತು. ಬರುವ ಭಾನುವಾರ ಪೂಜೆಯ ನಂತರ ಇಗರ್ಜಿಯ ಹಾಲ್‌ನಲ್ಲಿ ಅಕ್ಕ ತನ್ನ ಯಾತ್ರೆಯ ಬಗ್ಗೆ ಮಾತಾಡುತ್ತಾಳೆ, ಐರಿಷ್ ಪಾದ್ರಿಗಳೂ ಇರುತ್ತಾರೆ, ನನ್ನ ಫೋಟೋಗಳನ್ನು ದೊಡ್ಡ ಪರದೆಯ ಮೇಲೆ ತೋರಿಸುತ್ತಾರೆ. ಆ ಸ್ಲೈಡ್‌ಗಳನ್ನು ಮಗಳೇ ಮಾಡುತ್ತಿದ್ದಳು.

"ಪಪ್ಪಾ, ಆಂಟಿ ಹೇಳೋ ಸ್ಟೋರಿ ಒಂದೂ ಬೋರ್ಡ್‌ನಲ್ಲಿ ಇಲ್ಲ. ಆ ಪ್ರೇಯರ್ ಬೋರ್ಡ್ ಉಂಟಲ್ಲ, ಅದು ಪಾರ್ಕಿಂಗ್ ಸೈನ್. ಕಾರಲ್ಲಿ ವ್ಯಾಲ್ಯುಬಲ್ಸ್ ಬಿಟ್ಟು ಹೋಗ್ಬೇಡಿ ಅಂತ."

ಬೋರ್ಡಿನ ಫೋಟೋಗಳನ್ನು ತೆಗೆದುಬಿಡು ಎಂದೆ. ನಾಚಿಕೆಯ ಮಾತು, ಆದರೆ ನನ್ನ ಬಾಯಿಂದ ಮೊದಲು ಬಂದದ್ದು ಅದೇ. ಮಗಳು ಒಪ್ಪಲಿಲ್ಲ. ಆಂಟಿಗೆ ಬೋರ್ಡುಗಳೇ ಮುಖ್ಯ, ತಮ್ಮ ಓದಿದ್ದು ಎಂದು ಎಲ್ಲರಿಗೂ ತೋರಿಸಬೇಕಂತೆ ಎಂದಳು. ನೂರು ಮಂದಿ ಪರದೆಯ ಮೇಲೆ ಒಂದು ಓದುತ್ತಾರೆ, ಅಕ್ಕ ಅದರ ಮುಂದೆ ನಿಂತು ಇನ್ನೊಂದು ಹೇಳುತ್ತಾಳೆ. ಅವರು ಯಾಕೆ ನಗುತ್ತಿದ್ದಾರೆ ಎಂದು ಅವಳಿಗೆ ಕಾಣುವುದೂ ಇಲ್ಲ.

"ನೀವು ಹೇಳ್ತೀರಾ, ನಾನು ಹೇಳ್ಲಾ?" ಎಂದು ಮಗಳು ಕೇಳಿದಳು.

ಶನಿವಾರ ಬೆಳಿಗ್ಗೆ ವಿಮಾನ ಹತ್ತಿದೆ. ಸಿಡ್ನಿಯಲ್ಲಿ ಮೆಟ್ರೋ ಹಿಡಿದು, ಯಾವಾಗಲೂ ಮಾಡುವಂತೆ ಸ್ಟೇಷನ್‌ಗಳನ್ನು ಬೆರಳಿನಲ್ಲಿ ಎಣಿಸಿ ಇಳಿದೆ. ಅಕ್ಕ ಅಡುಗೆಮನೆಯ ಮೇಜಿನಲ್ಲಿ ಅಲಸಂಡೆ ಮುರಿಯುತ್ತಿದ್ದಳು. ಕಣ್ಣು ಬೇಡದ ಕೆಲಸ, ಬೆರಳುಗಳೇ ಅಳತೆ ಮಾಡುತ್ತವೆ. ನಾನು ಬ್ಯಾಗ್ ಕೆಳಗಿಡುವ ಮೊದಲೇ ಹೇಳಿದೆ.

"ಬಾಯ್, ನನಗೆ ಇಂಗ್ಲಿಷ್ ಓದ್ಲಿಕ್ಕೆ ಬರುದಿಲ್ಲ."

"ಕನ್ನಡಕ ಪುನಃ ಮರ್ತಿಯಾ?"

"ಕನ್ನಡಕ ಉಂಟು. ಓದ್ಲಿಕ್ಕೆ ಬರುದಿಲ್ಲ."

ಅಲಸಂಡೆ ಮುರಿಯುವುದು ನಿಂತಿತು. ತರಗತಿ ಬಿಟ್ಟದ್ದು, ಇಲ್ಲದ ಸರ್ಟಿಫಿಕೇಟ್, ಉಪವಾಸದ ಸಂತ, ಸಾವಿರ ಮಕ್ಕಳು, ಎಲ್ಲ ಒಂದೊಂದಾಗಿ ಹೇಳಿದೆ. ಅವಳು ಕೊನೆಗೆ ಕೇಳಿದಳು.

"ನಾನು ಮೊಣಕಾಲೂರಿದಲ್ಲಿ ಎಂತ ಬರೆದಿತ್ತು?"

ಹೇಳಿದೆ. ಅವಳು ಮುರಿದ ಚೂರುಗಳನ್ನು ಮೇಜಿನ ಒಂದು ಬದಿಗೆ ಸರಿಸಿದಳು.

"ಅಮ್ಮನಿಗೆ ಮಾಡಿದ ಪ್ರಾರ್ಥನೆಗೆ ಏನೂ ಆಗುದಿಲ್ಲ. ಅದು ಬೋರ್ಡಿಗೆ ಮಾಡಿದ್ದಲ್ಲ. ಆದ್ರೆ ಪುತಾ, ನನಗೆ ನೋಡ್ಲಿಕ್ಕೆ ಉಳಿದದ್ದು ಅದೊಂದು ಪ್ರಯಾಣ. ನಿನ್ನ ಕಣ್ಣನ್ನು ನಂಬಿ ಹೋದೆ. ನೀನು ನನಗೆ ಯಾವ ದೇಶ ತೋರ್ಸಿದ್ದು?"

ಕ್ಷಮೆ ಕೇಳಿದೆ. ನಾಳೆಯ ಕಾರ್ಯಕ್ರಮ ರದ್ದು ಮಾಡೋಣವೇ ಎಂದೆ. ಬೇಡ ಎಂದಳು. ನಾಳೆ ನೀನೇ ಎದ್ದು ನಿಂತು ಹೇಳು, ಬೋರ್ಡುಗಳನ್ನು ನಿನ್ನ ಮಗಳು ಓದಲಿ ಎಂದಳು. ಆಮೇಲೆ ಪುನಃ ಅಲಸಂಡೆ ಕೈಗೆತ್ತಿಕೊಂಡಳು. ಮಧ್ಯಾಹ್ನ ಅದರದ್ದೇ ಪಲ್ಯ. ನನಗೆ ಬಡಿಸಿ, ತಾನು ಆಮೇಲೆ ಒಬ್ಬಳೇ ಉಂಡಳು.

ಭಾನುವಾರ ನಾನು ಬೇಕರಿಯ ಇಂಗ್ಲಿಷ್‌ನಲ್ಲೇ ಹೇಳಿದೆ. ಇವಳು ನನ್ನ ಅಕ್ಕ, ಇವಳಿಗೆ ಕಣ್ಣು ಕಾಣುವುದಿಲ್ಲ, ನನಗೆ ಓದಲು ಬರುವುದಿಲ್ಲ, ಅದನ್ನು ಮುಚ್ಚಿಟ್ಟು ಇವಳಿಗೆ ಸುಳ್ಳು ಹೇಳಿದೆ ಎಂದೆ. ಪಾರ್ಕಿಂಗ್ ಬೋರ್ಡ್ ಬಂದಾಗ ಜನ ನಕ್ಕರು, ಪಾದ್ರಿಗಳೂ ನಕ್ಕರು. ಅಕ್ಕ ನಗಲಿಲ್ಲ. ಆಮೇಲೆ ಮಗಳು ಒಂದೊಂದೇ ಬೋರ್ಡನ್ನು ನಿಧಾನವಾಗಿ, ಗಟ್ಟಿಯಾಗಿ ಓದಿದಳು. ತಾರಾದ ಆ ಕಲ್ಲು ರಾಜರಿಗೆ ಪಟ್ಟ ಕಟ್ಟುವ ಕಲ್ಲಂತೆ, ನಿಜವಾದ ರಾಜ ಮುಟ್ಟಿದರೆ ಕೂಗುತ್ತಿತ್ತಂತೆ. ಎಂಟು ಮೂಲೆಯ ಮಂಟಪ ಸನ್ಯಾಸಿಗಳು ಊಟಕ್ಕೆ ಮೊದಲು ಕೈ ತೊಳೆಯುವ ಜಾಗ. ಅಕ್ಕ ಮುಖವನ್ನು ಸ್ವಲ್ಪ ಪಕ್ಕಕ್ಕೆ ತಿರುಗಿಸಿ, ಕಣ್ಣಂಚಿನ ಬೆಳಕಿನಿಂದ ಪರದೆಯನ್ನು ನೋಡುತ್ತಾ ಕೇಳುತ್ತಿದ್ದಳು. ಕೈ ತೊಳೆಯುವುದನ್ನು ಇನ್ನೊಮ್ಮೆ ಓದು ಎಂದಳು. ಮಗಳು ಓದಿದಳು. ನನಗೂ ಅದೆಲ್ಲ ಆಗಲೇ ಮೊದಲ ಸಲ ತಿಳಿದದ್ದು. ನನ್ನ ಕತೆಗಳಿಗಿಂತ ಚೆನ್ನಾಗಿತ್ತು.

ಆಮೇಲೆ ಮೂರು ಭಾನುವಾರ ಅಕ್ಕ ಫೋನ್ ಮಾಡಲಿಲ್ಲ. ನಾನು ಮಾಡಿದರೆ ಮಗಳೇ ಎತ್ತುತ್ತಿದ್ದಳು. ನಾಲ್ಕನೆಯ ಭಾನುವಾರ ಸಂಜೆ ಅಕ್ಕನದ್ದೇ ಫೋನ್ ಬಂತು. ಹೇಗಿದ್ದಿ ಎಂದು ಕೇಳಲಿಲ್ಲ.

"ಹತ್ತಿರ ಯಾವ್ದಾದ್ರೂ ಇಂಗ್ಲಿಷ್ ಕಾಗದ ಉಂಟಾ?"

ಫ್ರಿಜ್ಜಿನ ಮೇಲೆ ಕೌನ್ಸಿಲ್‌ನವರು, ಅಂದರೆ ಇಲ್ಲಿನ ನಗರಸಭೆಯವರು, ಕಳಿಸಿದ ಕಾಗದ ಇತ್ತು, ಕಸದ ಡಬ್ಬಗಳ ಬಗ್ಗೆ ಎಂದು ಚಿತ್ರ ನೋಡಿ ತಿಳಿದಿತ್ತು.

"ಓದು. ಬರದ ಪದವನ್ನು ಅಕ್ಷರ ಅಕ್ಷರ ಹೇಳು, ನಾನು ಕೂಡಿಸಿ ಹೇಳ್ತೇನೆ."

ಅಂದಿನಿಂದ ಪ್ರತಿ ಭಾನುವಾರ ಹೀಗೆಯೇ. ಕಾಗದ ನನ್ನ ಕೈಯಲ್ಲಿರುತ್ತದೆ, ಅವಳು ಒಂಬೈನೂರು ಕಿಲೋಮೀಟರ್ ದೂರದಲ್ಲಿರುತ್ತಾಳೆ. ನಾನು ಏನು ಹೇಳಿದರೂ ಸರಿಯೋ ತಪ್ಪೋ ನೋಡಲು ಅವಳಿಂದ ಆಗುವುದಿಲ್ಲ. ಮೊದಲ ದಿನ ಎರಡು ಸಾಲಿಗೆ ಅರ್ಧ ಗಂಟೆ ಹಿಡಿಯಿತು. ಒಂದು ಉದ್ದ ಪದ ಬಂತು. ಹತ್ತು ಅಕ್ಷರ, ಒಂದನ್ನೂ ಬಿಡದೆ ಹೇಳಿದೆ.

"ಕಲೆಕ್ಷನ್," ಎಂದಳು ಅಕ್ಕ. "ಮುಂದೆ?"

ಮುಂದಿನದು ಎರಡೇ ಅಕ್ಷರದ ಪದ. ಅದನ್ನು ನಾನೇ ಓದಿದೆ.