ಕಂಬಳಿ ಹೊದಿಸಿ ಜ್ವರ ಬರಿಸುವ ಶೆಟ್ಟೆವ್ವ

ಬೆಳಗಿನ ಐದೂವರೆ. ಬೈಲಹೊಂಗಲದ ನೇಸರಗಿ ರಸ್ತೆಯ ತಗಡಿನ ಶೆಡ್ಡಿನಲ್ಲಿ ಶೆಟ್ಟೆವ್ವ ಉದ್ದನೆಯ ಸ್ಕ್ರೂಡ್ರೈವರೊಂದರ ಕಟ್ಟಿಗೆ ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಂತಿದ್ದಾರೆ. ಅದರ ಇನ್ನೊಂದು ತುದಿ ಬೆಂಚಿನ ಮೇಲೆ ಗಿರಗಿರ ತಿರುಗುತ್ತಿರುವ ಹಳೇ ಜೀಪಿನ ಅಲ್ಟರ್ನೇಟರಿಗೆ ತಾಗಿದೆ. ಇಂಜಿನ್ನಿನ ಜೊತೆ ತಿರುಗುತ್ತ ಬ್ಯಾಟರಿಗೆ ಕರೆಂಟು ತುಂಬುವ ಈ ಯಂತ್ರವನ್ನು ಇಲ್ಲಿನ ಡ್ರೈವರುಗಳು ಇಂದಿಗೂ ಡೈನಮೋ ಎಂದೇ ಕರೆಯುತ್ತಾರೆ. ಅರ್ಧ ನಿಮಿಷ ಕೇಳಿ ಶೆಟ್ಟೆವ್ವ ಅದನ್ನು ತಿರುಗಿಸುವ ಮೋಟಾರಿನ ಸ್ವಿಚ್ಚು ಆರಿಸುತ್ತಾರೆ. "ಹಿಂದಿನ ಬೇರಿಂಗ್ ಹೋಗೈತ್ರಿ. ಇನ್ನ ಹದಿನೈದು ದಿನಾ ಸುಮ್ನಿರತೈತಿ, ಆಮ್ಯಾಲ ಚೀರಾಕ ಹತ್ತತೈತಿ." ಬಿಚ್ಚಿ ನೋಡಿದರೆ ಹೌದು, ಹಿಂದಿನದೇ. ನಿಂತು ನೋಡಿದವರು ಮೂಗಿನ ಮೇಲೆ ಬೆರಳಿಡಬೇಕು, ಮತ್ತೇನು ಮಾಡಲಾದೀತು? ಮೊದಲ ಬಸ್ಸುಗಳು ಹೊರಟು ರಸ್ತೆಯ ಗದ್ದಲ ಏಳುವುದರೊಳಗೆ ಈ ಕಿವಿಯ ಕೆಲಸ ಮುಗಿಯಬೇಕು. ಅದಕ್ಕೇ ಇಷ್ಟು ಬೇಗ ಬಾಗಿಲು ತೆಗೆಯುತ್ತಾರೆ.

ಅಂಗಡಿಯ ಬೋರ್ಡಿನ ಮೇಲಿರುವುದು ಗಂಡ ಪರಸಪ್ಪನವರ ಹೆಸರು. ಕಿತ್ತೂರು, ಸವದತ್ತಿ, ರಾಮದುರ್ಗದಿಂದ ಹಳೇ ಗಾಡಿಗಳನ್ನು ತರುವವರೆಲ್ಲ ಹೊಗಳುವುದೂ ಪರಸಪ್ಪನವರ ಕೈಗುಣವನ್ನೇ. ಪರಸಪ್ಪನವರು ಗಾಡಿಯಿಂದ ಬಿಚ್ಚುತ್ತಾರೆ, ತಿರುಗಿ ಕೂಡಿಸುತ್ತಾರೆ. ನಡುವಿನದೆಲ್ಲ ಹೆಂಡತಿಯ ಕೆಲಸ. ಅದನ್ನು ಅವರೇ ನಗುತ್ತ ಒಪ್ಪಿಕೊಳ್ಳುತ್ತಾರೆ: "ನಾ ಬರೇ ನಟ್ಟು-ಬೋಲ್ಟಿನಂವರಿ. ಒಳಗ ಜೀವಾ ತುಂಬಾಕಿ ಅಕಿ."

ಶೆಟ್ಟೆವ್ವ ರಾಮದುರ್ಗದವರು. ಹದಿನಾಲ್ಕನೇ ವರ್ಷಕ್ಕೆ ಪಂಪ್‌ಸೆಟ್ ಮೋಟಾರು ಕಟ್ಟುವ ಅಂಗಡಿಯಲ್ಲಿ ಕಸ ಹೊಡೆಯಲು ಸೇರಿದರು. ಮೂರು ವರ್ಷ ಸುಟ್ಟ ತಂತಿ ಕಿತ್ತಿದ್ದೇ ಕಿತ್ತಿದ್ದು. ಹೊಸ ತಂತಿ ಸುತ್ತಲು ಯಾರೂ ಕೊಡಲಿಲ್ಲ. "ಕಿತ್ತೂಮುಂದ ಎಣಿಸಿಕೋತ ಕೀಳತಿದ್ನಿರಿ. ಬಿಚ್ಚಾಕ ಬಂದಾಕಿಗೆ ಕಟ್ಟಾಕ ಬರೂದಿಲ್ಲೇನು?" ಮದುವೆಯಾಗಿ ಬಂದು, ತೊಂಬತ್ತೊಂದರಲ್ಲಿ ಗಂಡನ ಅಂಗಡಿಯಲ್ಲಿ ಕೂತ ಮೇಲೆಯೇ ಆ ಎಣಿಕೆ ಕೆಲಸಕ್ಕೆ ಬಂದದ್ದು. ಅಲ್ಟರ್ನೇಟರಿನ ಮೂವತ್ತಾರು ಸಂದುಗಳಲ್ಲಿ ತಾಮ್ರದ ತಂತಿ ಸುತ್ತುವಾಗ ಅವರ ತುಟಿ ಮಾತ್ರ ಅಲುಗುತ್ತಿರುತ್ತದೆ. ಆಗ ಬಾಗಿಲಿಗೆ ಮಂತ್ರಿ ಬಂದರೂ ಕಾಯಬೇಕು. ದಿನಕ್ಕೆ ಒಂದು, ಮೈಮುರಿದು ದುಡಿದರೆ ಎರಡು.

ಅವರ ಇನ್ನೊಂದು ಪದ್ಧತಿ ಈ ಸೀಮೆಯ ಬೇರಾವ ಅಂಗಡಿಯಲ್ಲೂ ಇಲ್ಲ. ಕಟ್ಟಿ ಮುಗಿದ ಅಲ್ಟರ್ನೇಟರಿಗೆ ಹೆಡ್‌ಲೈಟಿನ ನಾಲ್ಕು ಬಲ್ಬು ಜೋಡಿಸಿ, ಮೇಲೆ ಕುರಿ ಕಂಬಳಿ ಹೊದಿಸಿ ಒಂದು ತಾಸು ತಿರುಗಿಸುತ್ತಾರೆ. ಇದಕ್ಕೆ ಅವರಿಟ್ಟ ಹೆಸರು ಜ್ವರ ಬರಿಸುವುದು. "ತಂಪಿನ್ಯಾಗ ಎಲ್ಲಾ ಚೊಲೋನ ನಡೀತಾವ್ರಿ. ಬಾನೆಟ್ ಒಳಗ ಕಾದಾಗ ನಡೀಬೇಕು, ಅದು ಖರೆ."

ಹಳೆಯದನ್ನು ಕಟ್ಟಿಸಲೋ ಹೊಸದನ್ನು ಹಾಕಿಸಲೋ ಎಂದು ಕೇಳಿದವರಿಗೆ ಅವರು ಲಾಭ ನೋಡಿ ಉತ್ತರಿಸುವುದಿಲ್ಲ. ತಂತಿ ಸುಟ್ಟಿದ್ದರೆ, ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಡಯೋಡು ಹೋಗಿದ್ದರೆ ಕಟ್ಟುತ್ತಾರೆ. ಬೇರಿಂಗ್ ಕೂರುವ ಕವಚವೇ ಸವೆದಿದ್ದರೆ ಹೊಸದನ್ನು ತನ್ನಿರೆಂದು ಕಳಿಸುತ್ತಾರೆ. ಹತ್ತರಲ್ಲಿ ಮೂರು ಹೀಗೆ ವಾಪಸು ಹೋಗುತ್ತವೆ.

ಎರಡು ವರ್ಷದ ಹಿಂದೆ, 2004ರ ಡಿಸೆಂಬರಿನಲ್ಲಿ, ಚಚಡಿಯ ರಾಯಪ್ಪ ಬಂದದ್ದೂ ಇದೇ ಪ್ರಶ್ನೆ ಹೊತ್ತು. ಅವರ ಹೆಂಡತಿ ಚನ್ನವ್ವನ ಎರಡೂ ಕಿಡ್ನಿ ಕೆಲಸ ಬಿಟ್ಟಿದ್ದವು. ಮಂಗಳವಾರ, ಶುಕ್ರವಾರ ಬೆಳಗಾವಿಯ ಆಸ್ಪತ್ರೆಯಲ್ಲಿ ಡಯಾಲಿಸಿಸ್. ತೊಂಬತ್ತೆರಡರ ಅಂಬಾಸಡರಿನಲ್ಲಿ ನಸುಕಿಗೆ ಹೊರಟರೆ ತಿರುಗಿ ಬರುವಾಗ ಕತ್ತಲು. ದಾರಿ ತುಂಬ ಹಿಂದೆ ಕೆಂಪು ದೀಪವಿಲ್ಲದ ಕಬ್ಬಿನ ಟ್ರೇಲರುಗಳು. ನಮ್ಮ ಲೈಟು ಮಂಕಾಯಿತೋ, ಮುಗಿಯಿತು. ಆ ಮಂಗಳವಾರ ಮನೆಗೆ ಮುಟ್ಟಿದ ಗಾಡಿ, ಬ್ಯಾಟರಿ ಇಳಿದು, ಮರುದಿನ ಚಾಲೂ ಆಗಲಿಲ್ಲ. ರಾಯಪ್ಪ ಕಬ್ಬಿನ ಟ್ರ್ಯಾಕ್ಟರಿನ ಬ್ಯಾಟರಿಯಿಂದ ಕರೆಂಟು ತೆಗೆದುಕೊಳ್ಳಲು ಹೋಗಿ, ಗಡಿಬಿಡಿಯಲ್ಲಿ ಕೆಂಪು ವೈರನ್ನು ಕಪ್ಪಿನ ಜಾಗಕ್ಕೆ ಹಚ್ಚಿಬಿಟ್ಟರು. ಅಲ್ಟರ್ನೇಟರಿನಿಂದ ಹೊಗೆ ಬಂತು.

ಶೆಟ್ಟೆವ್ವ ಬಿಚ್ಚಿ ನೋಡಿದರು. ಡಯೋಡು ಸುಟ್ಟದ್ದು ದೊಡ್ಡ ಮಾತಲ್ಲ, ಆದರೆ ಕವಚವೂ ಸವೆದಿತ್ತು. ಹಿಂದೆ ಯಾರೋ ತಗಡಿನ ಚೂರು ತುರುಕಿ ಬೇರಿಂಗ್ ಬಿಗಿ ಮಾಡಿದ್ದರು. "ಇದನ್ನ ನಾ ಕಟ್ಟೂದಿಲ್ಲರಿ ಅಣ್ಣಾರ. ಹೊಸಾದು ತುಗೊಂಡು ಬರ್ರಿ" ಅಂದರು. "ನಿನ್ನ ಕೈಯಾಂದ ಆದ್ರ ನನಗ ಧೈರ್ಯ ನೋಡವಾ ತಂಗಿ" ಎಂದು ರಾಯಪ್ಪ ಪರಿಪರಿಯಾಗಿ ಹೇಳಿದರೂ ಕೇಳಲಿಲ್ಲ. ಕೊನೆಗೆ ರಾಯಪ್ಪ ಬಸ್ಸು ಹಿಡಿದು ಬೆಳಗಾವಿಗೆ ಹೋಗಿ, ಸಂಜೆಗೆ ಚಂದದ ಡಬ್ಬಿಯಲ್ಲಿ ಹೊಸದನ್ನು ತಂದರು.

ಶೆಟ್ಟೆವ್ವ ಹೊಸದಕ್ಕೂ ಕಂಬಳಿ ಹೊದಿಸಿದರು. ನಲವತ್ತು ನಿಮಿಷಕ್ಕೆ ನಾಲ್ಕೂ ಬಲ್ಬು ಕೆಂಪಗಾಗಿ, ಜೋಲುಮೋರೆ ಹಾಕಿದವು. ನಕಲಿ ಮಾಲು, ಒಳಗಿನ ತಂತಿ ತೀರ ಸಣ್ಣದು. ಮಾರಿದವರಿಗೆ ಫೋನ್ ಮಾಡಿದರೆ, ಬದಲಿಸಿ ಕೊಡಲು ವಾರ ಬೇಕೆಂಬ ಉತ್ತರ. ನಡುವೆ ಉಳಿದದ್ದು ಗುರುವಾರ ಒಂದೇ ದಿನ. ಬಸ್ಸಿನಲ್ಲಿ ಅಷ್ಟು ದೂರ ಕೂರುವ ಶಕ್ತಿ ಚನ್ನವ್ವನಿಗಿರಲಿಲ್ಲ, ಹೊಸದಕ್ಕೆ ದುಡ್ಡು ಸುರಿದಿದ್ದ ರಾಯಪ್ಪನವರಲ್ಲಿ ಬಾಡಿಗೆ ಗಾಡಿಗೆ ಕಾಸು ಉಳಿದಿರಲಿಲ್ಲ. "ಅವತ್ತ ನಾ ಅಂಜಿದ್ನಿರಿ. ಡಯಾಲಿಸಿಸ್ ತಪ್ಪಿದ್ರ ಚನ್ನವ್ವಕ್ಕ ಉಳೀತಿರ್ಲಿಲ್ಲ" ಎನ್ನುತ್ತಾರೆ ಶೆಟ್ಟೆವ್ವ.

ಗುರುವಾರ ಬೆಳಿಗ್ಗೆ ಅವರು ಗುಜರಿ ರಾಶಿಗೆ ಕೈ ಹಾಕಿದರು. ಅದೇ ಅಳತೆಯ, ತಂತಿ ಸುಟ್ಟಿದ್ದರೂ ಕವಚ ಗಟ್ಟಿಯಿದ್ದ ಒಂದು ಸಿಕ್ಕಿತು. ಹಳೇ ತಂತಿ ಕಿತ್ತು, ಮೂವತ್ತಾರೂ ಸಂದು ಹೊಸದಾಗಿ ಸುತ್ತಿ, ತಂತಿಗೆ ಬಳಿದ ವಾರ್ನಿಶ್ ಒಣಗಿಸಿ, ಹೊಸ ಡಯೋಡು, ಹೊಸ ಬೇರಿಂಗ್ ಹಾಕಿ ಏಳುವಾಗ ಮಧ್ಯಾಹ್ನ ಮೂರು. ಊಟದ ನೆನಪೇ ಇಲ್ಲ. ಕಂಬಳಿಯಡಿ ಒಂದಲ್ಲ, ಮೂರು ತಾಸು ತಿರುಗಿಸಿದರು. ಬಲ್ಬು ಮಿಟುಕಲಿಲ್ಲ. ರಾತ್ರಿಯೇ ಪರಸಪ್ಪನವರು ಚಚಡಿಗೆ ಹೋಗಿ ಅದನ್ನು ಗಾಡಿಗೆ ಕೂಡಿಸಿದರು.

ಅಷ್ಟಾದರೂ ಅವರಿಗೆ ಸಮಾಧಾನವಿಲ್ಲ. ಶುಕ್ರವಾರ ನಸುಕಿನಲ್ಲಿ ಗಾಡಿ ಬಂದಾಗ ಸೆರಗು ಬಿಗಿದು ಹಿಂದಿನ ಸೀಟಿನಲ್ಲಿ ಕೂತೇಬಿಟ್ಟರು. "ನಾ ಕಟ್ಟಿದ್ದರಿ, ನಾನೂ ಕುಂದರತೇನಿ." ಎಂಥ ಹೆಂಗಸು ನೋಡಿ! ಸಂಜೆ ಮರಳುವಾಗ, ಎಂ.ಕೆ. ಹುಬ್ಬಳ್ಳಿ ದಾಟಿದ ಮೇಲೆ, ದೀಪವಿಲ್ಲದ ಟ್ರೇಲರೊಂದು ದಾರಿಗೆ ಅಡ್ಡ ನಿಂತಿತ್ತು. ಹೆಡ್‌ಲೈಟು ಅದನ್ನು ಬಲು ದೂರದಿಂದಲೇ ತೋರಿಸಿತು. ರಾಯಪ್ಪ ನಿಧಾನಕ್ಕೆ ಬ್ರೇಕು ಒತ್ತಿ, ಬದಿಯಿಂದ ಗಾಡಿ ದಾಟಿಸಿದರು. ಶೆಟ್ಟೆವ್ವನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದ ಚನ್ನವ್ವನಿಗೆ ಎಚ್ಚರವೂ ಆಗಲಿಲ್ಲ.

ಚನ್ನವ್ವ ಇಂದಿಗೂ ವಾರಕ್ಕೆರಡು ಸಲ ಬೆಳಗಾವಿಗೆ ಹೋಗಿ ಬರುತ್ತಾರೆ. ಅಂಬಾಸಡರಿನಲ್ಲಿರುವುದು ಅದೇ ಅಲ್ಟರ್ನೇಟರು. ನಿಮಗೇನು ಆಸೆ ಎಂದು ಕೇಳಿದರೆ ಶೆಟ್ಟೆವ್ವ ಕೈಯ ವಾರ್ನಿಶ್ ಒರೆಸಿಕೊಳ್ಳುತ್ತ ರಸ್ತೆ ನೋಡುತ್ತಾರೆ.

"ಎಲ್ಲಾ ಗಾಡಿ ನಮ್ಮ ಬಾಗಲಕ್ಕ ಬಂದು ನಿಂದರ್ಲಿ ಅಂತ ದೇವ್ರಿಗೆ ಕೈ ಮುಗೀತೇನ್ರಿ. ರಾಯಪ್ಪಣ್ಣಾರ ಗಾಡಿ ಒಂದ ನಿಂದರಬಾರ್ದು. ನಾ ಇಲ್ಲಿ ಅದೇನಿ ಅನ್ನೂದ ಅದಕ್ಕ ಮರತು ಹೋಗ್ಲಿ."