ಜೇಬಿನಲ್ಲಿದ್ದ ಫ್ಯೂಸು

ಹಳ್ಳಿಮೈಸೂರಿನ ಕನಕರಾಜುವಿನ ಮಗಳು ಯಶಸ್ವಿನಿಗೆ, ತಾನು ಬರೆದದ್ದು ತಪ್ಪುವುದಿಲ್ಲ ಎಂಬ ಕೆಟ್ಟ ಹೆಮ್ಮೆಯೊಂದಿತ್ತು. ಹಾಸನದ ಸಣ್ಣ ವರ್ಕ್‌ಶಾಪಿನಲ್ಲಿ ಅವಳು ಪಂಪ್‌ಸೆಟ್ ಸ್ಟಾರ್ಟರ್ ಪೆಟ್ಟಿಗೆಗೆ ಕರ್ನಲ್, ಅಂದರೆ ಒಳಗೆ ಕೂತು ಎಲ್ಲವನ್ನೂ ಆಳುವ ಪ್ರೋಗ್ರಾಂ ಬರೆಯುತ್ತಾಳೆ. ಕರೆಂಟ್ ಬಂದೊಡನೆ ಮೋಟರ್ ತಾನೇ ಓಡುತ್ತದೆ. ಲಾಕ್ ಗುಂಡಿ ಒತ್ತಿದ್ದರೆ ಓಡಬಾರದು. ಮೋಟರ್ ಮುಟ್ಟುವ ಮುಂಚೆ ಮೂರು ಫ್ಯೂಸನ್ನೂ ಕಿತ್ತು ಜೇಬಿಗೆ ಹಾಕಿಕೊಳ್ಳುವುದು ಊರಿನ ರೂಢಿ. "ಲಾಕ್ ಇರೋವಾಗ ಫ್ಯೂಸ್ ಯಾಕಪ್ಪ ಕೀಳ್ತೀಯ?" ಎಂದು ಅಪ್ಪನನ್ನು ನಾಲ್ಕು ಜನರ ಮುಂದೆ ಗೇಲಿ ಮಾಡಿದ್ದಳು.

ಅವತ್ತು ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ, ಅವಳ ಮೇಜಿನ ಮೇಲಿನ ಪೆಟ್ಟಿಗೆ ಲಾಕ್ ಒತ್ತಿದ ಮೇಲೂ ಟಕ್ಕೆಂದು ಮೋಟರ್ ಓಡಿಸಿತು. ಯಶಸ್ವಿನಿ ತಾನು ಬರೆದದ್ದನ್ನು ತೆರೆದು ಸಾಲುಸಾಲಾಗಿ ನೋಡಿದಳು. ಲಾಕ್ ಭಾಗದಲ್ಲಿ ಅವಳು ಅಸೆಂಬ್ಲಿಯ, ಅಂದರೆ ಚಿಪ್ಪಿಗೆ ನೇರವಾಗಿ ಹೇಳುವ ಭಾಷೆಯ, ಒಂದು ಸಾಲು ಸೇರಿಸಿದ್ದಳು. ಉಳಿದ ಪ್ರೋಗ್ರಾಮನ್ನು ಚಿಪ್ಪಿನ ಭಾಷೆಗೆ ತಿರುಗಿಸುವ ಕಂಪೈಲರ್ ಆ ಸಾಲಿನ ಒಳಹೊಕ್ಕು ನೋಡುವುದಿಲ್ಲ. ಅದು ಏನೇನು ಮುಟ್ಟುತ್ತದೆಂದು ನಾವೇ ಪಕ್ಕದಲ್ಲಿ ಬರೆದುಕೊಡಬೇಕು. ಮೆಮೊರಿ ಬದಲಾಗುತ್ತದೆ ಎಂದು ಹೇಳುವ ಒಂದೇ ಒಂದು ಪದವನ್ನು ಅವಳು ಬಿಟ್ಟಿದ್ದಳು. ಹಳೆಯ ಕಂಪೈಲರ್ ಹೇಗೋ ನಡೆಸಿತ್ತು. ಹೊಸದು, ಏನೂ ಬದಲಾಗಿಲ್ಲವೆಂದು ನಂಬಿ, ಲಾಕ್ ಒತ್ತಿಲ್ಲ ಎಂಬ ಹಳೆಯ ಮಾಹಿತಿಯನ್ನೇ ಇಟ್ಟುಕೊಂಡಿತ್ತು. ಆ ಪ್ರೋಗ್ರಾಂ ನಿನ್ನೆ ಅಪ್ಪನ ಪೆಟ್ಟಿಗೆಗೂ ಪಕ್ಕದ ತೋಟದ ಈಶ್ವರಯ್ಯನದಕ್ಕೂ ಹೋಗಿತ್ತು. ಊರಿಗೆ ಮೋಟರ್ ಓಡಿಸುವ ತ್ರೀಫೇಸ್ ಕರೆಂಟ್ ಬರುವುದು ಹನ್ನೊಂದಕ್ಕೆ. ಅಷ್ಟರೊಳಗೆ ಮೋಟರಿಗೆ ಗ್ರೀಸ್ ಹಾಕುತ್ತೇನೆಂದು ಅಪ್ಪ ಹೇಳಿದ್ದ.

ಎರಡು ಸಲ ಮಾಡಿದರೂ ಅಪ್ಪ ಫೋನ್ ಎತ್ತಲಿಲ್ಲ. ಮೂರನೆಯ ಸಲ ಎತ್ತಿದ.

"ಅಪ್ಪ, ಮೋಟರ್ ಮುಟ್ಬೇಡ! ಲಾಕ್ ಕೆಲ್ಸ ಮಾಡ್ತಿಲ್ಲ!"

"ಫ್ಯೂಸ್ ನನ್ ಜೇಬಲ್ಲೈತೆ ಕಣವ್ವ. ಕೀಳೋದ ನಾನೆಲ್ಲಿ ಬಿಟ್ಟಿದ್ದೆ? ನಿಂಗೆ ಬೇಜಾರಾಯ್ತದೆ ಅಂತ ಏಳ್ನಿಲ್ಲ ಅಷ್ಟೆ."

ಅವಳಿಗೆ ಹೋದ ಜೀವ ಬಂತು. ಅಷ್ಟರಲ್ಲಿ ಅಪ್ಪನ ದನಿ ಇಳಿಯಿತು.

"ಈಶ್ವರಯ್ಯ ನಿನ್ ಮಾತ್ ನಂಬ್ಕಂಡವ್ನೆ ಕಣವ್ವ. ಈಗ ಮೋಟರ್‌ಗೆ ಕೈ ಆಕ್ಕಂಡ್ ಕುಂತವ್ನೆ."

"ಓಡಪ್ಪ!"

ಫೋನಿನಲ್ಲಿ ಅಪ್ಪನ ಚಪ್ಪಲಿಯ ಸದ್ದು, ಏದುಸಿರು. ಗಂಟೆ ಹನ್ನೊಂದಕ್ಕೆ ಎರಡು ನಿಮಿಷವಿತ್ತು. ಹೆದರಿಕೆಗೆ ಅವಳಿಗೆ ಮನೆದೇವರ ಹೆಸರೂ ನೆನಪಾಗಲಿಲ್ಲ.

"ಕೈ ತೆಗಿಲಾ ಈಶ್ವರಯ್ಯ! ಕೈ ತೆಗಿ!"

ಆಮೇಲೆ ಮೋಟರ್ ಗುಂಯ್ ಎಂದು ಎದ್ದ ಸದ್ದೊಂದೇ ಕೇಳಿಸಿತು. ಯಶಸ್ವಿನಿ ಫೋನನ್ನು ಕಿವಿಗೆ ಒತ್ತಿಕೊಂಡಳು.

"ಇದೇನ್ಲಾ ಕನಕ, ಲಾಕ್ ಆಕಿದ್ರೂ ಓಡ್ತೈತಲ್ಲ?" ಈಶ್ವರಯ್ಯ ರೇಗುತ್ತಿದ್ದ.

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಬಿಟ್ಟ ಪದವನ್ನು ಅವತ್ತೇ ಸೇರಿಸಿದಳು. ಈಗ ಅವಳ ವರ್ಕ್‌ಶಾಪಿನಿಂದ ಹೊರಡುವ ಪ್ರತಿ ಪೆಟ್ಟಿಗೆಯ ಲಾಕ್ ಗುಂಡಿಯ ಕೆಳಗೆ ಅವಳೇ ಬರೆದ ಚೀಟಿಯಿರುತ್ತದೆ: ಮೊದಲು ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಿ.