ಕಿವಿಗಿಟ್ಟುಕೊಂಡ ಎಂಜಿನ್

ಸಂಜೆ ಐದು ಹತ್ತಕ್ಕೆ ನಾನು ತಿಪಟೂರಿನಾಚೆ ರೈಲು ಹಳಿಯ ಮೇಲೆ ನಿಂತು, ಆಗಷ್ಟೇ ರೆಕಾರ್ಡ್ ಮಾಡಿದ್ದ ರೈಲಿನ ಕೂಗನ್ನು ಹೆಡ್‌ಫೋನಿನಲ್ಲಿ ಕೇಳುತ್ತಿದ್ದೆ. ಅದು ಪಕ್ಕದ ಮನೆಯ ನಿವೃತ್ತ ರೈಲು ಚಾಲಕರ ಆಟಿಕೆ ಎಂಜಿನ್ನಿಗೆ ಬೇಕಿತ್ತು. ಅವರೂ ಜೊತೆಗೆ ಬಂದಿದ್ದರು.

ಅವರು ಮೇಜಿನ ಮೇಲೆ ಹಳಿ ಜೋಡಿಸಿ ಗೇಣುದ್ದದ ಎಂಜಿನ್ ಓಡಿಸುತ್ತಿದ್ದರು. ಅದರೊಳಗೊಂದು ಪುಟ್ಟ ಸ್ಪೀಕರ್. ನಾನು ಲ್ಯಾಪ್‌ಟಾಪಿನಲ್ಲಿ ಶಬ್ದ ಹೊಂದಿಸಿದಾಗಲೆಲ್ಲ, ಕೊಬ್ಬರಿ ಒಣಗಿತೇ ಎಂದು ಕಾಯಿ ಅಲ್ಲಾಡಿಸಿ ಕೇಳುವವರಂತೆ, ಎಂಜಿನ್ನನ್ನು ಕಿವಿಗಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದರು.

“ಒಂಚೂರು ಇಳ್ಸು. ಎಂಜಿನ್ ಕಿರುಚಲ್ಲ ಕಣಪ್ಪ, ಕೂಗ್ತದೆ.”

ಅವತ್ತು ಹಳಿಯ ಮೇಲೆ ಕೂಗು ಹತ್ತಿರವಾಗುತ್ತ ಬಂದಾಗ, ರೆಕಾರ್ಡಿಂಗ್ ಎಷ್ಟು ಚೆನ್ನಾಗಿ ಬಂದಿದೆ ಎಂದುಕೊಂಡು ನಿಂತೇ ಇದ್ದೆ. ನಿಜವಾದ ರೈಲು ಬರುತ್ತಿತ್ತು. ಅವರು ನನ್ನನ್ನು ಎಳೆದುಕೊಂಡು ಜಲ್ಲಿಯ ಮೇಲೆ ಬಿದ್ದರು. ಅವರ ಬಲಗೈ ಮಣಿಕಟ್ಟು ಮುರಿಯಿತು.

ಮನೆಯಲ್ಲಿ ಹೆಂಡತಿಗೆ, “ತೋಟದಲ್ಲಿ ಜಾರ್ದೆ ಕಣೇ” ಎಂದರು. ನಾನು ಪಕ್ಕದಲ್ಲಿ ನಿಂತು ಹೌದೆಂದು ತಲೆಯಾಡಿಸಿದೆ. ಆಮೇಲೆ ಅವರು ಎಡಗೈಯಲ್ಲಿ ಎಂಜಿನ್ ಎತ್ತಿ ಕಿವಿಗಿಟ್ಟುಕೊಂಡಾಗಲೆಲ್ಲ ಬೇರೆ ಕಡೆ ನೋಡುತ್ತಿದ್ದೆ. ರಾತ್ರಿ ಅದೇ ಕೂಗು ಕೇಳಿದಂತಾಗಿ ಎದ್ದು ಕೂರುತ್ತಿದ್ದೆ.

ಅವರ ಕೈಯ ಪಟ್ಟಿ ಬಿಚ್ಚಿದ ದಿನ ಆಕೆಗೆ ನಿಜ ಹೇಳಿದೆ.

“ಗೊತ್ತು ಬುಡಪ್ಪ” ಎಂದರು. “ಅವ್ರ ಮೊಣಕೈಯಿಂದ ಜಲ್ಲಿ ಚೂರು ಕಿತ್ತೋಳು ನಾನೇ ಅಲ್ವಾ? ನಮ್ಮ ತೋಟದಾಗೆ ಜಲ್ಲಿ ಎಲ್ಲೈತೆ? ನೀನಾಗೇ ಹೇಳ್ತೀಯೇನೋ ಅಂತ ಕಾಯ್ತಿದ್ದೆ.”

ಒಳಗಿನಿಂದ ಗಂಡನ ದನಿ ಬಂತು: “ಒಂಚೂರು ಇಳ್ಸೇ, ಬೀದಿಗೆಲ್ಲ ಕೇಳ್ತದೆ.”

ಅವತ್ತು ರಾತ್ರಿ ಮಲಗಿದವನಿಗೆ ಎಚ್ಚರವಾದದ್ದು ಬೆಳಿಗ್ಗೆ, ಹಾಲಿನವನ ಸೈಕಲ್ ಬೆಲ್ಲಿಗೆ.